ಫ್ಯಾನ್‌ಗೆ ಮರ್ಯಾದೆ ಕೊಡುವ ಟೀಮ್ ಯಾವ್ದು, ಕೈ ಕೊಡುವ ಟೀಮ್ ಯಾವ್ದು?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ. ಐಪಿಎಲ್ ಬಂದ್ರೆ ನಾನು ಆರ್‌ಸಿಬಿ, ಫುಟ್ಬಾಲ್ ಬಂದ್ರೆ ಕೇರಳ ಬ್ಲಾಸ್ಟರ್ಸ್. ಮಗ ಹತ್ತನೇ ಕ್ಲಾಸು, ಅವನಿಗೆ ಬೆಂಗಳೂರು ಎಫ್‌ಸಿ ಆಗ್ಬೇಕು. ಅವನ ಮಾವ ಚೆನ್ನೈ ಪಾರ್ಟಿ. ಊಟಕ್ಕೆ ಕೂತ್ರೆ ಇದೇ ಚರ್ಚೆ. ಸರ್, ಬರೀ ಕಪ್ ಲೆಕ್ಕ ಹಾಕದೆ, ಫ್ಯಾನ್‌ಗಳನ್ನು ಚೆನ್ನಾಗಿ ನೋಡ್ಕೊಳ್ಳುವ ಫ್ರಾಂಚೈಸಿ ಯಾವ್ದು, ಅತೀ ಕೆಟ್ಟದ್ದು ಯಾವ್ದು ಅಂತ ಒಂದು ರ್‍ಯಾಂಕಿಂಗ್ ಕೊಡ್ಬಹುದಾ? ನಮ್ಮ ಕಾಸರಗೋಡಿನವರು ಯಾರ ಹಿಂದೆ ಹೋಗ್ಬೇಕು?

ಉತ್ತರ: ಖಂಡಿತ ಕೊಡ್ತೇನೆ. ಆದ್ರೆ ಅಳತೆ ಎಂತದ್ದು ಅಂತ ಮೊದ್ಲೇ ಹೇಳಿಬಿಡ್ಬೇಕು, ಇಲ್ಲದಿದ್ರೆ ನಿಮ್ಮ ಮನೆಯ ಚರ್ಚೆಗೆ ನಾನೂ ಒಬ್ಬ ಸೇರಿದ ಹಾಗೆ ಆಗ್ತದೆ ಅಷ್ಟೆ. ಕಪ್ ಲೆಕ್ಕ ಆದ್ರೆ ತಲೆ ಕೆಡಿಸ್ಕೊಳ್ಳುವಂಥದ್ದು ಏನೂ ಇಲ್ಲ, ಮುಂಬೈಗೆ ಐದು, ಚೆನ್ನೈಗೆ ಐದು, ಕೊಲ್ಕತ್ತಾಗೆ ಮೂರು, ಮಾತು ಮುಗೀತು. ನಾನು ನೋಡುದು ಬೇರೆ. ಆ ಟೀಮ್ ನಾಳೆಗೂ ಇರ್ತದಾ, ಅದೇ ಊರಲ್ಲಿ ಅದೇ ಹೆಸರಲ್ಲಿ ಇರ್ತದಾ, ಸಾಧಾರಣ ಸಂಬಳದ ಮನುಷ್ಯ ಮಕ್ಕಳನ್ನು ಕರ್ಕೊಂಡು ಹೋಗಿ ಮ್ಯಾಚ್ ನೋಡಿ ಸುರಕ್ಷಿತವಾಗಿ ಮನೆಗೆ ವಾಪಸ್ ಬರ್ಲಿಕ್ಕೆ ಆಗ್ತದಾ, ಸೋತಾಗ ಅಥವಾ ತಪ್ಪು ಮಾಡಿದಾಗ ಆ ಮ್ಯಾನೇಜ್‌ಮೆಂಟ್ ಫ್ಯಾನ್‌ಗಳ ಮುಖ ನೋಡಿ ಮಾತಾಡ್ತದಾ, ಆಮೇಲೆ ಊರಿನ ಹುಡುಗರಿಗೆ, ಹುಡುಗಿಯರಿಗೆ ಅಲ್ಲಿ ಒಂದು ಜಾಗ ಉಂಟಾ. ಇಷ್ಟು ನೋಡಿ ಆದ್ಮೇಲೆ ಕಪ್. 2025ರ ಕೊನೆವರೆಗೆ ಆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇನೆ.

ಇನ್ನೊಂದು ಮಾತು. ನಮ್ಮ ಜಿಲ್ಲೆಗೆ ಸ್ವಂತ ಅಂತ ಒಂದು ಫ್ರಾಂಚೈಸಿ ಇಲ್ಲ. ಮ್ಯಾಪ್ ನೋಡಿದ್ರೆ ಕೊಚ್ಚಿ, ಭಾಷೆ ನೋಡಿದ್ರೆ ಬೆಂಗಳೂರು, ಎರಡೂ ನಮಗೆ ಒಂದು ರಾತ್ರಿಯ ದಾರಿ. ಆದ್ರೆ ಆಟದ ಹುಚ್ಚು ಇಲ್ಲಿ ಕಡಿಮೆಯಾ? ಜಂಕ್ಷನ್‌ಗೆ ಒಂದೊಂದು ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ ಉಂಟು, ತೃಕ್ಕರಿಪುರ ಕಡೆ ಸೆವೆನ್ಸ್ ಫುಟ್ಬಾಲ್ ಅಂದ್ರೆ ಊರೇ ಗ್ರೌಂಡಲ್ಲಿ ಇರ್ತದೆ, ಉದುಮದಿಂದ ಮಂಜೇಶ್ವರದವರೆಗೆ ರಾತ್ರಿ ಲೈಟ್ ಹಾಕಿ ಕಬಡ್ಡಿ ಆಡ್ತಾರೆ. ಮುಂಬೈಯ ಗವಾಸ್ಕರ್ ಹೆಸರನ್ನು 2025ರಲ್ಲಿ ಮುನ್ಸಿಪಲ್ ಸ್ಟೇಡಿಯಂ ರೋಡಿಗೆ ಇಟ್ಟ ಊರು ನಮ್ಮದು. ಹಾಗಾಗಿ ನಮ್ಮವರು ಫ್ಯಾನ್ ಆಗುದು ಅಂದ್ರೆ ಸ್ವಂತ ಇಷ್ಟದಿಂದ ಆರಿಸಿಕೊಂಡದ್ದು, ಹುಟ್ಟಿದ ಊರಿನ ಟೀಮ್ ಅಂತ ಸುಮ್ನೆ ಸಿಕ್ಕಿದ್ದಲ್ಲ. ಅಷ್ಟು ದೂರದಿಂದ ಪ್ರೀತಿ ಮಾಡುವವರಿಗೆ ಟೀಮ್ ವಾಪಸ್ ಎಂತ ಕೊಡ್ತದೆ ಅಂತ ಕೇಳುವ ಹಕ್ಕು ಹೆಚ್ಚೇ ಉಂಟು.

ಕೆಳಗಿಂದ ಶುರು ಮಾಡುವ.

ಅತೀ ಕೊನೆಗೆ ನಾನು ಇಡುದು ಕೊಚ್ಚಿ ಟಸ್ಕರ್ಸ್ ಕೇರಳ. ನಿಮಗೆ ನೆನಪಿರ್ಬಹುದು, ಮಗನಿಗೆ ಖಂಡಿತ ಗೊತ್ತಿರ್ಲಿಕ್ಕಿಲ್ಲ. 2010ರಲ್ಲಿ ಒಂದೂವರೆ ಸಾವಿರ ಕೋಟಿಗಿಂತ ಮೇಲೆ ಬಿಡ್ ಮಾಡಿ ತಗೊಂಡ ಐಪಿಎಲ್ ಟೀಮ್, 2011ರಲ್ಲಿ ಒಂದೇ ಒಂದು ಸೀಸನ್ ಆಡಿತು, ಜಯವರ್ಧನೆ ಕ್ಯಾಪ್ಟನ್, ಮೆಕಲಮ್, ಲಕ್ಷ್ಮಣ್, ಜಡೇಜ, ನಮ್ಮ ಶ್ರೀಶಾಂತ್ ಎಲ್ಲ ಇದ್ರು, ಹತ್ತು ಟೀಮಲ್ಲಿ ಎಂಟನೇದು ಆಯ್ತು, ಅದೇ ಸೆಪ್ಟೆಂಬರಲ್ಲಿ ಬ್ಯಾಂಕ್ ಗ್ಯಾರಂಟಿ ಕಟ್ಲಿಲ್ಲ ಅಂತ ಬಿಸಿಸಿಐ ಕಾಂಟ್ರಾಕ್ಟ್ ಕ್ಯಾನ್ಸಲ್ ಮಾಡಿತು. ಆಡಿದ ಕೆಲವರಿಗೆ ಪೂರ್ತಿ ದುಡ್ಡೂ ಸಿಗ್ಲಿಲ್ಲ. ಆಮೇಲೆ ಮಾಲೀಕರ ಕಡೆಯವರು ಆರ್ಬಿಟ್ರೇಶನ್‌ಗೆ, ಅಂದ್ರೆ ಕೋರ್ಟಿನ ಹೊರಗಿನ ಮಧ್ಯಸ್ಥಿಕೆಗೆ ಹೋದ್ರು, 2025ರ ಜೂನಲ್ಲಿ ಬಾಂಬೆ ಹೈಕೋರ್ಟ್ ಬಿಸಿಸಿಐ 538 ಕೋಟಿ ಕೊಡ್ಬೇಕು ಅನ್ನುವ ಆರ್ಬಿಟ್ರೇಶನ್ ತೀರ್ಪನ್ನು ಎತ್ತಿ ಹಿಡಿಯಿತು. ಬೋರ್ಡ್ ಒಂದು ಕಡೆ, ಮಾಲೀಕರು ಒಂದು ಕಡೆ, ನಡುವೆ ಇಷ್ಟು ದೊಡ್ಡ ಮೊತ್ತ. ಆ ಕಿತ್ತಳೆ ಜೆರ್ಸಿ ದುಡ್ಡು ಕೊಟ್ಟು ತಗೊಂಡ ಹುಡುಗನಿಗೆ ಯಾವ ತೀರ್ಪಲ್ಲೂ ಒಂದು ಸಾಲು ಇಲ್ಲ. ನನಗೆ ಬೇಜಾರಾಗುದು ಅದಕ್ಕೇ. ಕೇರಳಕ್ಕೆ ಆಮೇಲೆ ಐಪಿಎಲ್ ಟೀಮ್ ಬರ್ಲೇ ಇಲ್ಲ, ಇವತ್ತಿಗೂ ಇಲ್ಲ, ನಿಮ್ಮಂಥವರೆಲ್ಲ ಬೆಂಗಳೂರು ಚೆನ್ನೈ ಅಂತ ಹಂಚಿ ಹೋದದ್ದು ಅದೂ ಒಂದು ಕಾರಣ.

ಅದರ ಪಕ್ಕದಲ್ಲೇ ಹೈದರಾಬಾದಿನ ಎರಡು ಟೀಮು. ಡೆಕ್ಕನ್ ಚಾರ್ಜರ್ಸ್ 2009ರಲ್ಲಿ ಐಪಿಎಲ್ ಕಪ್ ಗೆದ್ದು 2012ರಲ್ಲಿ ಮಾಯ. ಹೈದರಾಬಾದ್ ಎಫ್‌ಸಿ 2022ರಲ್ಲಿ ಫುಟ್ಬಾಲಿನ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಕಪ್ ಗೆದ್ದು ಎರಡೇ ವರ್ಷದಲ್ಲಿ ಆಟಗಾರರಿಗೆ ಸಂಬಳ ಕೊಡ್ಲಿಕ್ಕಾಗದೆ, ಫಿಫಾದ ಟ್ರಾನ್ಸ್‌ಫರ್ ಬ್ಯಾನ್ ತಿಂದು, ಟೇಬಲಲ್ಲಿ ಕೊನೆಗೆ ಬಿದ್ದು, 2025ರಲ್ಲಿ ದೆಹಲಿಗೆ ಹೋಗಿ ಹೆಸರೇ ಬದಲಾಯ್ತು. ಅದು ಕೂಡ ಮೊದ್ಲು ಪುಣೆ ಸಿಟಿ ಮುಚ್ಚಿ ಹುಟ್ಟಿದ ಟೀಮು. ಅಂದ್ರೆ ಪುಣೆಯವನ ಪ್ರೀತಿ ಹೈದರಾಬಾದಿಗೆ, ಹೈದರಾಬಾದಿನವನದ್ದು ದೆಹಲಿಗೆ, ಯಾರನ್ನೂ ಒಂದು ಮಾತು ಕೇಳದೆ. ಕಪ್ ಗೆದ್ದ ಟೀಮ್ ಸಹ ಹೀಗೆ ಹೋಗ್ತದೆ ಅನ್ನುದನ್ನು ಮಗನಿಗೆ ಹೇಳಿ, ಯಾಕಂದ್ರೆ ಈ ವಯಸ್ಸಿಗೆ ಕಪ್ ಒಂದೇ ಕಾಣುದು.

ಹೊರದೇಶದಲ್ಲೂ ಇದು ಉಂಟು. ಅಮೆರಿಕದಲ್ಲಿ ಸಿಯಾಟಲ್ ಊರಿನ ಬಾಸ್ಕೆಟ್‌ಬಾಲ್ ಟೀಮ್ ಸೂಪರ್‌ಸಾನಿಕ್ಸ್‌ನ್ನು 2008ರಲ್ಲಿ ಒಕ್ಲಹೋಮಕ್ಕೆ ಎತ್ಕೊಂಡು ಹೋದ್ರು. ಇಂಗ್ಲೆಂಡಲ್ಲಿ ವಿಂಬಲ್ಡನ್ ಫುಟ್ಬಾಲ್ ಕ್ಲಬ್ಬನ್ನು ಬೇರೆ ಊರಿಗೆ ಸಾಗಿಸ್ಲಿಕ್ಕೆ ಪರ್ಮಿಶನ್ ಸಿಕ್ಕಿದಾಗ 2002ರಲ್ಲಿ ಫ್ಯಾನ್‌ಗಳೇ ಸೇರಿ ಎಎಫ್‌ಸಿ ವಿಂಬಲ್ಡನ್ ಅಂತ ಹೊಸ ಕ್ಲಬ್ ಕಟ್ಟಿದ್ರು, ತಳದಿಂದ ಹತ್ತಿ ಪ್ರೊಫೆಷನಲ್ ಲೀಗಿಗೆ ತಂದ್ರು. ಇದರ ಎದುರು ತುದಿಯಲ್ಲಿ ಅಮೆರಿಕನ್ ಫುಟ್ಬಾಲ್ ಆಡುವ ಗ್ರೀನ್ ಬೇ ಪ್ಯಾಕರ್ಸ್, ಸುಮಾರು ಒಂದು ಲಕ್ಷ ಜನ ಇರುವ ಸಣ್ಣ ಊರು, 1923ರಿಂದ ಆ ಟೀಮಿನ ಷೇರು ಸಾರ್ವಜನಿಕರ ಕೈಯಲ್ಲಿ, ಈಗ ಐದು ಲಕ್ಷಕ್ಕಿಂತ ಹೆಚ್ಚು ಷೇರುದಾರರು, ಡಿವಿಡೆಂಡ್ ಇಲ್ಲ, ಮಾರಿ ಲಾಭ ಮಾಡುವ ಹಾಗಿಲ್ಲ, ಆದ್ರೆ ಟೀಮನ್ನು ಊರಿಂದ ಎತ್ಕೊಂಡು ಹೋಗ್ಲಿಕ್ಕೆ ಯಾರಿಗೂ ಆಗುದಿಲ್ಲ. ಜರ್ಮನಿಯಲ್ಲಿ ಸಹ ಕ್ಲಬ್ಬಿನ ವೋಟು ಅರ್ಧಕ್ಕಿಂತ ಹೆಚ್ಚು ಮೆಂಬರ್‌ಗಳ ಕೈಯಲ್ಲಿ ಇರ್ಬೇಕು ಅಂತ ನಿಯಮ ಉಂಟು, ಒಂದೆರಡು ಕ್ಲಬ್ಬಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಹಾಗೊಂದು ಐಪಿಎಲ್ ಟೀಮೂ ಇಲ್ಲ, ಐಎಸ್ಎಲ್ ಟೀಮೂ ಇಲ್ಲ. ಹಾಗಾಗಿ ನಮ್ಮ ರ್‍ಯಾಂಕಿಂಗಿನ ಮೊದಲ ಸ್ಥಾನ ಸಹ ಪ್ಯಾಕರ್ಸ್ ಮಟ್ಟದ್ದು ಅಂತ ಎಣಿಸ್ಬೇಡಿ.

ಐಪಿಎಲ್‌ನ ಮಧ್ಯದಿಂದ ಕೆಳಗಿನವರನ್ನು ಬೇಗ ಮುಗಿಸ್ತೇನೆ. ದೆಹಲಿ, ಪಂಜಾಬ್ ಎರಡೂ 2008ರಿಂದ ಇವೆ, ಎರಡೂ ಹೆಸರು ಬದಲಾಯಿಸಿವೆ, ಕ್ಯಾಪ್ಟನ್ ಕೋಚ್‌ಗಳನ್ನು ವರ್ಷ ವರ್ಷ ಬದಲಾಯಿಸಿವೆ, ಒಂದು ಕಪ್ಪೂ ಇಲ್ಲ, ಆದ್ರೆ ಓಡಿ ಹೋಗ್ಲಿಲ್ಲ ಅನ್ನುದು ಒಂದು ಒಳ್ಳೆ ಅಂಶ. ಲಕ್ನೋವನ್ನು ನಾನು ಇವರಿಬ್ಬರಿಗಿಂತ ಕೆಳಗೆ ಇಡ್ತೇನೆ, 2024ರ ಮೇ ತಿಂಗಳು ಹೈದರಾಬಾದಲ್ಲಿ ಸೋತ ದಿನ ಮಾಲೀಕರು ಕ್ಯಾಮೆರಾಗಳ ಎದುರೇ ಕ್ಯಾಪ್ಟನ್ ಕೆ.ಎಲ್. ರಾಹುಲ್ ಹತ್ರ ಖಾರವಾಗಿ ಮಾತಾಡಿದ ಹಾಗೆ ಇಡೀ ದೇಶಕ್ಕೆ ಕಂಡಿತು. ಸುರತ್ಕಲ್‌ನಲ್ಲಿ ಬೆಳೆದ ಹುಡುಗ, ನಮ್ಮ ನೆರೆಮನೆಯವ ಅಂತಲೇ ಹೇಳ್ಬೇಕು, ಆ ದೃಶ್ಯ ನನಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ. ಆಟಗಾರನಿಗೆ ಎಲ್ಲರ ಎದುರು ಮರ್ಯಾದೆ ಕೊಡದ ಟೀಮ್ ಫ್ಯಾನ್‌ಗೆ ಎಂತ ಕೊಡ್ತದೆ?

ಮುಂಬೈ ಒಂದು ವಿಚಿತ್ರ ಕೇಸ್. ವರ್ಷಕ್ಕೆ ಒಂದು ಮ್ಯಾಚನ್ನು ಬಡ ಮಕ್ಕಳಿಗೆ ಅಂತಲೇ ಇಟ್ಟು, ಸಾವಿರಾರು ಮಕ್ಕಳನ್ನು ಬಸ್ಸಲ್ಲಿ ವಾಂಖೆಡೆಗೆ ಕರ್ಕೊಂಡು ಬರ್ತಾರೆ, ಆ ಒಂದು ಕೆಲಸಕ್ಕೆ ನಾನು ಅವರಿಗೆ ಕೈ ಮುಗೀತೇನೆ, ಬೇರೆ ಟೀಮ್‌ಗಳು ಯಾಕೆ ಮಾಡುದಿಲ್ಲ ಅಂತ ಆಶ್ಚರ್ಯ ಆಗ್ತದೆ. ಅದೇ ಟೀಮು 2023ರ ಡಿಸೆಂಬರಲ್ಲಿ ಐದು ಕಪ್ ತಂದ ರೋಹಿತ್‌ನ ಕ್ಯಾಪ್ಟನ್ಸಿ ತೆಗೆದು ಹಾರ್ದಿಕ್‌ಗೆ ಕೊಟ್ಟಾಗ ಜನರಿಗೆ ಸರಿಯಾಗಿ ಬಿಡಿಸಿ ಹೇಳ್ಲಿಲ್ಲ. ಸಿಟ್ಟು ಬಂದ ಜನ ಹಾರ್ದಿಕ್‌ಗೆ ಸ್ವಂತ ಗ್ರೌಂಡಲ್ಲೇ ಕೂಗಿದ್ರು, ಟೀಮ್ ಕೊನೆ ಸ್ಥಾನಕ್ಕೆ ಬಿತ್ತು. ಕೂಗಿದ್ದು ತಪ್ಪು, ಆದ್ರೆ ಆ ಪರಿಸ್ಥಿತಿ ತಂದದ್ದು ಆಫೀಸಲ್ಲಿ ಕೂತವರು. ಮುಂಬೈಗೆ ನನ್ನ ಲೆಕ್ಕದಲ್ಲಿ ನಾಲ್ಕನೇ ಸ್ಥಾನ.

ಈಗ ನಿಮ್ಮ ಸ್ವಂತ ಟೀಮ್‌ಗಳಿಗೆ ಬರುವ. ಬ್ಲಾಸ್ಟರ್ಸ್ ಬಗ್ಗೆ ನಾನು ಎರಡು ನಂಬರ್ ಕೊಡ್ತೇನೆ. ಫ್ಯಾನ್‌ಗಳಿಗೆ ಒಂದನೇ ನಂಬರ್, ಕ್ಲಬ್ಬಿಗೆ ಎಂಟನೇ ನಂಬರ್. 2014ರಲ್ಲಿ ಶುರುವಾದಾಗ ಕಲೂರು ಸ್ಟೇಡಿಯಂಗೆ ಮ್ಯಾಚಿಗೆ ಐವತ್ತು ಸಾವಿರದ ಹತ್ರ ಜನ ಬರ್ತಿದ್ರು, ಮಂಜಪ್ಪಡ ಅನ್ನುವ ಫ್ಯಾನ್‌ಗಳ ಗುಂಪಿನ ಆ ಹಳದಿ ಸಮುದ್ರ ಇಡೀ ದೇಶಕ್ಕೆ ಗೊತ್ತು. ಮೂರು ಫೈನಲ್, 2014, 2016, 2022, ಮೂರೂ ಸೋಲು, ಒಂದು ಟ್ರೋಫಿ ಇಲ್ಲ. 2016ರ ಫೈನಲ್ ಕೊಚ್ಚಿಯಲ್ಲೇ, ಮೊದಲ ಗೋಲ್ ಹೊಡೆದದ್ದು ಯಾರು? ನಮ್ಮ ತೃಕ್ಕರಿಪುರದ ಮೊಹಮ್ಮದ್ ರಾಫಿ, ಹೆಡ್ಡರ್. ಏಳೇ ನಿಮಿಷದಲ್ಲಿ ಕೊಲ್ಕತ್ತಾದ ಸೆರೆನೊ ಅದನ್ನು ಸಮ ಮಾಡಿದ, ಪೆನಾಲ್ಟಿಯಲ್ಲಿ ಸೋತದ್ದು. ಕೇರಳದ ದೊಡ್ಡ ಕ್ಲಬ್ಬಿನ ದೊಡ್ಡ ರಾತ್ರಿಯಲ್ಲಿ ಗೋಲ್ ಹೊಡೆದವ ಕಾಸರಗೋಡಿನವ ಅನ್ನುದನ್ನು ನಮ್ಮ ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಸೋತದ್ದಕ್ಕೆ ನಾನು ಅವರನ್ನು ಕೆಳಗೆ ಹಾಕ್ಲಿಲ್ಲ. ಡೇವಿಡ್ ಜೇಮ್ಸ್, ಟೇಲರ್, ಕೊಪ್ಪೆಲ್, ಮ್ಯೂಲೆನ್‌ಸ್ಟೀನ್, ಮತ್ತೆ ಜೇಮ್ಸ್, ವಿಂಗಾದ, ಶಟ್ಟೋರಿ, ವಿಕುನಾ, ವುಕೊಮನೊವಿಚ್, ಸ್ಟಾಹ್ರೆ, ಕತಾಲ, ಹೀಗೆ ಕೋಚ್ ಮೇಲೆ ಕೋಚ್. ಇದರಲ್ಲಿ ವುಕೊಮನೊವಿಚ್ ಒಬ್ಬರನ್ನು ಜನ ಮನೆಯವರ ಹಾಗೆ ಪ್ರೀತಿ ಮಾಡಿದ್ರು. 2023ರ ಮಾರ್ಚಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿಯ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲಿನ ಜಗಳಕ್ಕೆ ಅವರು ಟೀಮನ್ನೇ ಗ್ರೌಂಡಿಂದ ಹೊರಗೆ ಕರೆದದ್ದು ನೆನಪುಂಟಲ್ಲ, ಕ್ಲಬ್ಬಿಗೆ ನಾಲ್ಕು ಕೋಟಿ ದಂಡ ಬಿತ್ತು, ಕೋಚಿಗೆ ಹತ್ತು ಮ್ಯಾಚ್ ಬ್ಯಾನ್. ಆ ದಂಡದ ಭಾರ ಎಲ್ಲಿ ಇಳೀತು ಗೊತ್ತುಂಟಾ, ಆರ್ಥಿಕ ಕಷ್ಟ ಅಂತ ಹೇಳಿ ಮಹಿಳಾ ಟೀಮನ್ನು ನಿಲ್ಲಿಸಿದ್ರು. ಹೊರಗೆ ಹೋದದ್ದು ಗಂಡಸರ ಟೀಮು, ಆಟ ಕಳ್ಕೊಂಡದ್ದು ಹುಡುಗಿಯರು. ನನಗೆ ಇದು ಮೂರು ಫೈನಲ್ ಸೋಲಿಗಿಂತ ದೊಡ್ಡ ಸೋಲು. ಮತ್ತೆ ಊರಿನ ಹುಡುಗರನ್ನು ನೋಡಿ, ಸಹಲ್ ಮೋಹನ್ ಬಾಗಾನಿಗೆ, ಕೆ.ಪಿ. ರಾಹುಲ್ ಒಡಿಶಾಕ್ಕೆ, ಬೆಳೆಸಿದವರನ್ನೆಲ್ಲ ಮಾರಿ ಆಯ್ತು. 2024ರ ಕೊನೆಗೆ ಮಂಜಪ್ಪಡದವರು ಇನ್ನು ಟಿಕೆಟ್ ಮಾರುದಿಲ್ಲ ಅಂತ ಪ್ರತಿಭಟನೆಗೆ ಇಳಿದ್ರು, ಆಮೇಲೆ ಕ್ಲಬ್ ಫ್ಯಾನ್ ಅಡ್ವೈಸರಿ ಬೋರ್ಡ್ ಮಾಡಿತು. ಅದು ಒಳ್ಳೆ ಹೆಜ್ಜೆ, ಅದಕ್ಕೇ ಎಂಟು, ಇಲ್ಲದಿದ್ರೆ ಇನ್ನೂ ಕೆಳಗೆ ಹೋಗ್ತಿತ್ತು.

ಮತ್ತೊಂದು ವಿಷಯ ಹೇಳದೆ ಮುಂದೆ ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ. 2022ರ ಫೈನಲ್ ಗೋವಾದಲ್ಲಿ, ಮಲಪ್ಪುರದಿಂದ ಬೈಕಲ್ಲಿ ಮ್ಯಾಚ್ ನೋಡ್ಲಿಕ್ಕೆ ಹೊರಟ ಇಬ್ಬರು ಹುಡುಗರು ನಮ್ಮ ಉದುಮದಲ್ಲಿ ಆಕ್ಸಿಡೆಂಟಾಗಿ ತೀರಿಕೊಂಡ್ರು. ನಮ್ಮ ಹೈವೇಯಲ್ಲಿ ಬೆಳಗಾಗುವ ಮೊದ್ಲು. ಫ್ರಾಂಚೈಸಿ ಅಂದ್ರೆ ವ್ಯಾಪಾರ ಅನ್ನುವವರಿಗೆ ನಾನು ಯಾವಾಗ್ಲೂ ಇದನ್ನೇ ಹೇಳುದು, ಆ ಕಡೆ ಅದು ವ್ಯಾಪಾರ ಇರ್ಬಹುದು, ಈ ಕಡೆ ಹಾಗಲ್ಲ, ಈ ಕಡೆ ಜನ ರಾತ್ರಿ ನಿದ್ದೆ ಬಿಟ್ಟು ಇನ್ನೂರು ಮುನ್ನೂರು ಕಿಲೋಮೀಟರ್ ಗಾಡಿ ಓಡಿಸ್ತಾರೆ. ದೂರದ ಫ್ಯಾನ್‌ಗಳಿಗೆ ಬಸ್ಸೋ ರೈಲೋ ಮಾಡುದು ಟೀಮಿನ ಕರ್ತವ್ಯ ಅಂತ ನಾನು ಹಟ ಹಿಡಿಯುದು ಅದಕ್ಕೇ.

ಇದೇ ಕಾರಣಕ್ಕೆ ಚೆನ್ನೈ ನನ್ನ ಲೆಕ್ಕದಲ್ಲಿ ಎರಡನೇ ಸ್ಥಾನ. ಮಾವನಿಗೆ ಖುಷಿ ಆಗ್ಬಹುದು. 2018ರಲ್ಲಿ ಕಾವೇರಿ ಗಲಾಟೆಯಿಂದ ಅವರ ಮ್ಯಾಚ್‌ಗಳು ಚೆನ್ನೈಯಿಂದ ಪುಣೆಗೆ ಹೋದಾಗ, ಟೀಮಿನವರೇ ವಿಸಿಲ್ ಪೋಡು ಎಕ್ಸ್‌ಪ್ರೆಸ್ ಅಂತ ಒಂದು ಸ್ಪೆಷಲ್ ಟ್ರೈನ್ ಮಾಡಿ ಸುಮಾರು ಸಾವಿರ ಜನರನ್ನು ಪುಕ್ಕಟೆ ಕರ್ಕೊಂಡು ಹೋದ್ರು, ಊಟ, ಟಿಕೆಟ್ ಎಲ್ಲ ಸೇರಿ. ಆಮೇಲೆ ಮ್ಯಾಚ್ ಟಿಕೆಟ್ ಇದ್ದವರಿಗೆ ಚೆನ್ನೈ ಮೆಟ್ರೋದಲ್ಲಿ ಫ್ರೀ ಪ್ರಯಾಣ ಸಹ ಬಂತು. ಇದೆಲ್ಲ ದೊಡ್ಡ ಖರ್ಚಿನ ಕೆಲಸ ಅಲ್ಲ, ಫ್ಯಾನ್ ಮನೆಯಿಂದ ಹೊರಟು ಮನೆಗೆ ಮುಟ್ಟುವವರೆಗೆ ಅವನ ಯೋಚನೆ ಮಾಡ್ಬೇಕು ಅಷ್ಟೆ. ಮತ್ತೆ ಚೆಪಾಕಲ್ಲಿ ಹಳೆ ಆಟಗಾರರನ್ನು ಬೇಗ ಕೈ ಬಿಡುದಿಲ್ಲ, ಜನರಿಗೆ ಮುಖ ಪರಿಚಯ ಉಳೀತದೆ. ಹಾಗಾದ್ರೆ ಒಂದನೇ ಸ್ಥಾನ ಯಾಕಿಲ್ಲ? 2013ರ ಬೆಟ್ಟಿಂಗ್ ಕೇಸು. ಟೀಮಿನ ಒಳಗಿನವರೇ ಸಿಕ್ಕಿಬಿದ್ದು ಲೋಧಾ ಸಮಿತಿ 2015ರಲ್ಲಿ ಎರಡು ವರ್ಷ ಸಸ್ಪೆಂಡ್ ಮಾಡಿತು. ಆ ಎರಡು ವರ್ಷ ಶಿಕ್ಷೆ ಅನುಭವಿಸಿದ್ದು ಯಾವ ತಪ್ಪೂ ಮಾಡದ ಫ್ಯಾನ್‌ಗಳು. ವಾಪಸ್ ಬಂದ ವರ್ಷವೇ ಕಪ್ ಗೆದ್ರು ಅಂತ ಅದು ಅಳಿಸಿ ಹೋಗುದಿಲ್ಲ.

ಆರ್‌ಸಿಬಿ ಬಗ್ಗೆ ಬರೀಲಿಕ್ಕೆ ಕೂತ್ರೆ ಕೈ ನಿಲ್ಲುದಿಲ್ಲ, ಯಾಕಂದ್ರೆ ನಮ್ಮ ಜಿಲ್ಲೆಗೂ ಅದಕ್ಕೂ ಒಂದು ನಂಟು ಉಂಟು. 2009ರ ಫೈನಲ್, ಜೋಹಾನ್ಸ್‌ಬರ್ಗ್, ನಮ್ಮ ಕುಂಬಳೆ ಊರಿನ ಹೆಸರು ಹೊತ್ತ ಅನಿಲ್ ಕುಂಬ್ಳೆ ಕ್ಯಾಪ್ಟನ್, ಮೊದಲ ಓವರಲ್ಲೇ ಗಿಲ್‌ಕ್ರಿಸ್ಟ್‌ನ್ನು ಸೊನ್ನೆಗೆ ಬೌಲ್ಡ್ ಮಾಡಿದ್ರು, 16 ರನ್ನಿಗೆ ನಾಲ್ಕು ವಿಕೆಟ್, ಸೋತ ಟೀಮಿನವರಾದ್ರೂ ಮ್ಯಾನ್ ಆಫ್ ದ ಮ್ಯಾಚ್, ಆದ್ರೆ ಆರು ರನ್ನಲ್ಲಿ ಮ್ಯಾಚ್ ಹೋಯ್ತು. 2011 ಚೆನ್ನೈ ಕೈಯಲ್ಲಿ, 2016 ಸ್ವಂತ ಚಿನ್ನಸ್ವಾಮಿಯಲ್ಲಿ ಎಂಟು ರನ್ನಲ್ಲಿ. ಅಷ್ಟು ವರ್ಷ ಈ ಸಲ ಕಪ್ ನಮ್ದೇ ಅಂತ ಹೇಳ್ತಾ ಕೂತ ಜನರನ್ನು ಲೋಕ ತಮಾಷೆ ಮಾಡಿತು, ಅವರು ಒಬ್ಬರೂ ಟೀಮ್ ಬಿಡ್ಲಿಲ್ಲ. ಕೊಹ್ಲಿ ಸಹ ಬಿಡ್ಲಿಲ್ಲ, 2008ರಿಂದ ಒಂದೇ ಟೀಮ್, ಐಪಿಎಲ್‌ನಲ್ಲಿ ಫ್ಯಾನ್‌ಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ ಅಂತ ನನ್ನ ಅಭಿಪ್ರಾಯ. 2024ರಲ್ಲಿ ಸ್ಮೃತಿ ಮಂಧಾನ ಕ್ಯಾಪ್ಟನ್ಸಿಯಲ್ಲಿ ಹುಡುಗಿಯರು ಮೊದಲ ಕಪ್ ತಂದ್ರು, 2025ರ ಜೂನ್ 3ಕ್ಕೆ ಅಹಮದಾಬಾದಲ್ಲಿ ಪಂಜಾಬ್ ಮೇಲೆ ಗಂಡಸರೂ ಗೆದ್ರು, ಅದೂ ಆರು ರನ್ನಲ್ಲೇ.

ಮರುದಿನ ಏನಾಯ್ತು ಎಲ್ಲರಿಗೂ ಗೊತ್ತು. ಜೂನ್ 4, ಚಿನ್ನಸ್ವಾಮಿ ಗೇಟಿನ ಹೊರಗೆ ಕಾಲ್ತುಳಿತ, ಹನ್ನೊಂದು ಜನ ಹೋದ್ರು, ಹೆಚ್ಚಿನವರು ಎಳೆ ಪ್ರಾಯದವರು. ಸರಿಯಾದ ಪರ್ಮಿಶನ್ ಇಲ್ಲದೆ ಸೋಶಿಯಲ್ ಮೀಡಿಯಾದಲ್ಲಿ ಜನರನ್ನು ಕರೆದದ್ದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಅಂತ ಕೇಂದ್ರ ಆಡಳಿತ ನ್ಯಾಯಮಂಡಳಿ ಆ ಜುಲೈಯಲ್ಲಿ ಹೇಳಿತು. ಫ್ರಾಂಚೈಸಿ ಸೋಶಿಯಲ್ ಮೀಡಿಯಾದಲ್ಲಿ ಸುಮಾರು ಮೂರು ತಿಂಗಳು ಮೌನ ಇತ್ತು, ಆಗಸ್ಟ್ ಕೊನೆಗೆ ಒಂದೊಂದು ಕುಟುಂಬಕ್ಕೆ 25 ಲಕ್ಷ ಕೊಡ್ತೇವೆ ಅಂತ ಹೇಳಿತು. ಹದಿನೇಳು ವರ್ಷ ಕಾದ ಜನರಿಗೆ ಒಂದು ಸಂಜೆ ಸುರಕ್ಷಿತವಾಗಿ ಖುಷಿ ಪಡುವ ವ್ಯವಸ್ಥೆ ಮಾಡ್ಲಿಕ್ಕೆ ಆಗ್ಲಿಲ್ಲ. ಎರಡು ದಿನ ಕಾದಿದ್ರೆ, ಟಿಕೆಟ್ ಕೊಟ್ಟು ಗೇಟ್ ತೆರೆದಿದ್ರೆ, ಅಷ್ಟೇ ಸಾಕಿತ್ತು. ಪೊಲೀಸರದ್ದು, ಸರ್ಕಾರದ್ದು, ಕ್ರಿಕೆಟ್ ಸಂಸ್ಥೆಯದ್ದು ಎಷ್ಟು ಪಾಲು ಅನ್ನುದು ಬೇರೆ ಚರ್ಚೆ, ನೀವು ಕೇಳಿದ್ದು ಫ್ರಾಂಚೈಸಿ ಬಗ್ಗೆ, ಹಾಗಾಗಿ ಅದರ ಪಾಲು ಹೇಳ್ತಿದ್ದೇನೆ. ಈ ಒಂದು ಘಟನೆ ಇಲ್ಲದಿದ್ರೆ ಗಂಡಸರ ಆರ್‌ಸಿಬಿಯನ್ನು ಮೂರರ ಒಳಗೆ ಇಡ್ತಿದ್ದೆ. ಈಗ ಆರಕ್ಕೆ ಇಡ್ತೇನೆ, ಹುಡುಗಿಯರ ಟೀಮನ್ನು ಬೇರೆಯಾಗಿ ಐದಕ್ಕೆ.

ಇನ್ನೊಂದು ಕೊರಗು ನಮ್ಮದೇ. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಕೇರಳಕ್ಕೆ ಆಡ್ತಾ ಮುಂಬೈಯ ರಾಜ್ಯ ಟೀಮಿನ ಮೇಲೆ 54 ಬಾಲಿಗೆ 137 ಹೊಡೆದ, ನಾಟೌಟ್, ಆ ವರ್ಷದ ಆಕ್ಷನ್‌ನಲ್ಲಿ 20 ಲಕ್ಷಕ್ಕೆ ಆರ್‌ಸಿಬಿ ತಗೊಂಡಿತು, ಕಾಸರಗೋಡು ಪೇಟೆ ಕುಣಿಯಿತು, ಒಂದೇ ಒಂದು ಮ್ಯಾಚ್ ಆಡಿಸದೆ ಬಿಟ್ಟು ಕಳಿಸಿದ್ರು. ಅವನೇ 2025ರ ರಣಜಿ ಸೆಮಿಫೈನಲಲ್ಲಿ ಗುಜರಾತ್ ಮೇಲೆ 177 ಹೊಡೆದು ಕೇರಳವನ್ನು ಮೊದಲ ಸಲ ಫೈನಲಿಗೆ ಮುಟ್ಟಿಸಿದ. ಟೀಮ್ ಸೆಲೆಕ್ಷನ್ ಅವರ ಹಕ್ಕು, ಸರಿ. ಆದ್ರೂ ಒಂದು ಮ್ಯಾಚ್ ಕೊಟ್ಟಿದ್ರೆ ಈ ಗಡಿಯ ಸಾವಿರಾರು ಮಕ್ಕಳಿಗೆ ಅದು ಎಷ್ಟು ದೊಡ್ಡ ವಿಷಯ ಆಗ್ತಿತ್ತು ಅಂತ ಅವರಿಗೆ ಗೊತ್ತಿಲ್ಲ.

ಪ್ರೊ ಕಬಡ್ಡಿ ಲೀಗಿನ ಬೆಂಗಳೂರು ಬುಲ್ಸ್ ಒಂಬತ್ತಕ್ಕೆ ಹೋಗ್ತದೆ, ಬುಲ್ಸ್‌ನ ತಪ್ಪಿಗಿಂತ ಲೀಗಿನ ವ್ಯವಸ್ಥೆಯ ತಪ್ಪು ಹೆಚ್ಚು. 2019ರ ಜನವರಿಯಲ್ಲಿ ಗುಜರಾತ್ ಮೇಲೆ 38-33ರಲ್ಲಿ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ, ಅಂಥ ರೈಡಿಂಗ್ ನಾನು ಫೈನಲಲ್ಲಿ ಬೇರೆ ನೋಡ್ಲಿಲ್ಲ. ಆದ್ರೆ ಹೋಮ್ ಮ್ಯಾಚ್ ಎಲ್ಲಿ? 2017ರಲ್ಲಿ ನಾಗ್ಪುರ, 2018ರಲ್ಲಿ ಪುಣೆ. 2021-22ರಲ್ಲಿ ಇಡೀ ಲೀಗ್ ಬೆಂಗಳೂರಲ್ಲೇ ನಡೀತು, ಕೊರೊನಾ ಅಂತ ಹೋಟೆಲ್ ಒಳಗೆ, ಒಬ್ಬ ಫ್ಯಾನಿಗೂ ಪ್ರವೇಶ ಇಲ್ಲ. 2022ರಲ್ಲಿ, ಮತ್ತೆ 2023ರ ಡಿಸೆಂಬರಲ್ಲಿ ಕಂಠೀರವಕ್ಕೆ ಬಂತು, ಆಮೇಲಿನ ಎರಡು ಸೀಸನ್ ಬೆಂಗಳೂರಿಗೆ ಬರ್ಲೇ ಇಲ್ಲ. ಕಬಡ್ಡಿಯ ಊರಿನವರು ನಾವು, ಟೆಲುಗು ಟೈಟನ್ಸ್‌ಗೆ ಕೋಚ್ ಆದ ಜಗದೀಶ್ ಕುಂಬ್ಳೆ ನಮ್ಮ ಕಡೆಯವರು, ನಮಗೆ ಟೀವಿ ಬಿಟ್ಟು ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿದ್ದಾರೆ.

ಮೂರನೇ ಸ್ಥಾನ ನೀವು ಎಣಿಸದ ಟೀಮ್, ಗೋಕುಲಂ ಕೇರಳ ಫುಟ್ಬಾಲ್ ಕ್ಲಬ್. ಕೋಝಿಕ್ಕೋಡು, 2017ರಲ್ಲಿ ಹುಟ್ಟಿದ್ದು. ದೊಡ್ಡ ದುಡ್ಡು ಇಲ್ಲ, ಟೀವಿಯಲ್ಲಿ ಅಬ್ಬರ ಇಲ್ಲ, 2019ರಲ್ಲಿ ಡ್ಯುರಾಂಡ್ ಕಪ್, ಸಾಲಾಗಿ ಎರಡು ಸಲ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್. ಅದಕ್ಕಿಂತ ಮುಖ್ಯ ಅವರ ಮಹಿಳಾ ಟೀಮ್, ಸಾಲಾಗಿ ಮೂರು ಸಲ ಇಂಡಿಯನ್ ವುಮೆನ್ಸ್ ಲೀಗ್ ಗೆದ್ದದ್ದು. 2022ರ ಆಗಸ್ಟಲ್ಲಿ ಏಷ್ಯಾ ಕ್ಲಬ್ ಚಾಂಪಿಯನ್‌ಶಿಪ್ಪಿಗೆ ಅಂತ ತಾಷ್ಕೆಂಟಿಗೆ ಮುಟ್ಟಿ ಆದ್ಮೇಲೆ ಫಿಫಾ ಇಂಡಿಯಾವನ್ನು ಬ್ಯಾನ್ ಮಾಡಿತು, ಆಡದೆ ವಾಪಸ್ ಬರ್ಬೇಕಾಯ್ತು. ಆ ಹುಡುಗಿಯರ ಸ್ಥಿತಿ ನೆನಪಾದ್ರೆ ಈಗ್ಲೂ ಹೊಟ್ಟೆ ಉರೀತದೆ. ದೊಡ್ಡ ಕ್ಲಬ್ ಹುಡುಗಿಯರ ಟೀಮ್ ಮುಚ್ಚಿದ ಅದೇ ರಾಜ್ಯದಲ್ಲಿ ಸಣ್ಣ ಕ್ಲಬ್ ಅದನ್ನು ನಡೆಸಿ ಗೆಲ್ಲಿಸಿ ತೋರಿಸಿತು. ಮತ್ತೆ ನಮಗೆ ಕೋಝಿಕ್ಕೋಡು ಹತ್ರ, ಬೆಳಿಗ್ಗೆ ರೈಲಲ್ಲಿ ಹೋದ್ರೆ ರಾತ್ರಿಗೆ ಮನೆ.

ಒಂದನೇ ಸ್ಥಾನ ಬೆಂಗಳೂರು ಎಫ್‌ಸಿ. ಮಗನ ಪಕ್ಷ ವಹಿಸುದಲ್ಲ, ಲೆಕ್ಕ ಹಾಗೆ ಬರ್ತದೆ. 2013ರಲ್ಲಿ ಶುರು, ಮೊದಲ ಸೀಸನ್‌ನಲ್ಲೇ ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲಿಗೆ ಹೋದ ಮೊದಲ ಇಂಡಿಯನ್ ಕ್ಲಬ್, 2019ರಲ್ಲಿ ಐಎಸ್ಎಲ್, 2022ರಲ್ಲಿ ಡ್ಯುರಾಂಡ್. ಅದೇ ಹೆಸರು, ಅದೇ ಊರು, ಅದೇ ನೀಲಿ, ಅದೇ ಛೆಟ್ರಿ. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಫ್ಯಾನ್‌ಗಳ ಗುಂಪು ಮೊದಲ ವರ್ಷದಿಂದ ಕೂಗಿ ಕೂಗಿ ಬೆಳೆದದ್ದು, ಕ್ಲಬ್ಬೂ ಅವರ ಜೊತೆಗೇ ಬೆಳೀತು. ನಮ್ಮ ಕಡೆಯವರಿಗೂ ಅಲ್ಲಿ ಜಾಗ ಇತ್ತು, ಕಣ್ಣೂರಿನ ವಿನೀತ್ 2017ರ ಫೆಡರೇಶನ್ ಕಪ್ ಫೈನಲಲ್ಲಿ ಎರಡು ಗೋಲ್ ಹೊಡೆದು ಮೋಹನ್ ಬಾಗಾನನ್ನು ಸೋಲಿಸಿದ್ದು ಆ ನೀಲಿ ಜೆರ್ಸಿಯಲ್ಲೇ. ಆದ್ರೆ ಒಂದು ಕೆಂಪು ಗುರುತು ಹಾಕ್ಲೇಬೇಕು. 2025ರಲ್ಲಿ ಫೆಡರೇಶನ್ ಮತ್ತು ಲೀಗ್ ನಡೆಸುವವರ ಒಪ್ಪಂದದ ಗೊಂದಲದಿಂದ ಐಎಸ್ಎಲ್ ಸಮಯಕ್ಕೆ ಶುರುವಾಗದಿದ್ದಾಗ, ಆಗಸ್ಟಲ್ಲಿ ಈ ಕ್ಲಬ್ ಆಟಗಾರರ, ಸ್ಟಾಫಿನ ಸಂಬಳ ನಿಲ್ಲಿಸಿತು. ಲೀಗಿನ ಭವಿಷ್ಯವೇ ಗೊತ್ತಿಲ್ಲದ ಹೊತ್ತು ಅದು, ಆದ್ರೂ ಇಷ್ಟು ದೊಡ್ಡ ಮಾಲೀಕರಿರುವ ಕ್ಲಬ್ ಹಾಗೆ ಮಾಡ್ಬಾರದಿತ್ತು. ಅದು ಮತ್ತೆ ಆದ್ರೆ ಮೊದಲ ಸ್ಥಾನ ಗೋಕುಲಂಗೋ ಚೆನ್ನೈಗೋ ಹೋಗ್ತದೆ.

ಏಳಕ್ಕೆ ಕೊಲ್ಕತ್ತಾ ನೈಟ್ ರೈಡರ್ಸ್, ಅವರ ಬಗ್ಗೆ ನಮ್ಮ ಕಡೆಗೆ ಹೆಚ್ಚು ಹೇಳುವಂಥದ್ದು ಇಲ್ಲ.

ಈಗ ಕಾಸರಗೋಡಿನವರು ಯಾರ ಹಿಂದೆ ಹೋಗ್ಬೇಕು ಅಂತ ಕೇಳಿದ್ರಲ್ಲ. ನೀವು ಆರ್‌ಸಿಬಿಯೂ ಬ್ಲಾಸ್ಟರ್ಸೂ ಎರಡೂ ಇಟ್ಕೊಂಡದ್ದರಲ್ಲಿ ಏನೂ ತಪ್ಪಿಲ್ಲ, ಕನ್ನಡ ಶಾಲೆಯಲ್ಲಿ ಕಲಿತು ಮಲಯಾಳ ಮಾತಾಡುವ ಬಸ್ಸಲ್ಲಿ ಓಡಾಡುವ ಮನುಷ್ಯನಿಗೆ ಎರಡು ಟೀಮ್ ಇದ್ರೆ ಯಾರೂ ಪ್ರಶ್ನೆ ಮಾಡ್ಬಾರದು. ಮಗನನ್ನು ಬೆಂಗಳೂರು ಎಫ್‌ಸಿಯಿಂದ ಬಿಡಿಸ್ಲಿಕ್ಕೆ ಹೋಗ್ಬೇಡಿ, ಜೆರ್ಸಿ ತೆಗ್ಕೊಡಿ. ಪರೀಕ್ಷೆ ಮುಗಿದ ರಜೆಯಲ್ಲಿ ಮ್ಯಾಚ್ ಇದ್ರೆ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಕಾಸರಗೋಡಲ್ಲೇ ಹತ್ಬಹುದು, ಕಂಠೀರವ ಮೆಜೆಸ್ಟಿಕ್‌ಗೆ ದೂರ ಇಲ್ಲ. ಮೊದಲ ಸಲ ಕರ್ಕೊಂಡು ಹೋಗುದಾದ್ರೆ ಬೆಂಗಳೂರು–ಬ್ಲಾಸ್ಟರ್ಸ್ ಮ್ಯಾಚ್ ಮಾತ್ರ ಬೇಡ, ಆ ದಿನ ಎರಡೂ ಕಡೆ ಬಿಸಿ ಜಾಸ್ತಿ, ನೀವಿಬ್ಬರೂ ಬೇರೆ ಬೇರೆ ಸ್ಟ್ಯಾಂಡಲ್ಲಿ ಕೂರ್ಬೇಕಾದೀತು. ಬೇರೆ ಯಾವ್ದಾದ್ರೂ ಸಾದಾ ಮ್ಯಾಚ್ ನೋಡಿ, ಟಿಕೆಟ್ ಆನ್‌ಲೈನಲ್ಲೇ ಮೊದ್ಲೇ ತಗೊಂಡು ಹೋಗಿ, ಗೇಟಿನ ಹತ್ರ ಪುಕ್ಕಟೆ ಪಾಸ್ ಸಿಗ್ತದೆ ಅಂತ ಯಾರು ಹೇಳಿದ್ರೂ ಆ ಗುಂಪಿಗೆ ಹೋಗ್ಬೇಡಿ, ಮ್ಯಾಚ್ ಮುಗಿದ್ಮೇಲೆ ಹತ್ತಿಪ್ಪತ್ತು ನಿಮಿಷ ಸೀಟಲ್ಲೇ ಕೂತು ಜನ ಖಾಲಿ ಆದ್ಮೇಲೆ ಎದ್ದು ಬನ್ನಿ. ಅಷ್ಟು ದೂರ ಆಗುದಿಲ್ಲ ಅಂತಾದ್ರೆ ಸೂಪರ್ ಲೀಗ್ ಕೇರಳದಲ್ಲಿ ಕಣ್ಣೂರು ವಾರಿಯರ್ಸ್ ಉಂಟು, ನಮ್ಮ ಮನೆಗೆ ಅತೀ ಹತ್ತಿರದ ಪ್ರೊಫೆಷನಲ್ ಟೀಮ್ ಅದೇ, ಹೊಸ ಟೀಮು, ಇನ್ನೂ ನಾಲ್ಕೈದು ವರ್ಷ ನಿಂತು ತೋರಿಸ್ಲಿ, ಆಮೇಲೆ ಅದಕ್ಕೂ ರ್‍ಯಾಂಕ್ ಕೊಡುವ.